ಕಡ ತಂದ ಕೊಂಡಿ

ನೆಂಟರೆಲ್ಲ ತಮ್ಮ ಊರುಗಳಿಗೆ ಹೋದ ಮರುದಿನ ಹಾಲಿನವಳು ಎಂದಿನ ಹೊತ್ತಿಗೆ ಬಂದಳು. ನಳದಲ್ಲಿ ನೀರು ಬಂತು. ಅತ್ತೆ ಒಲೆ ಹಚ್ಚಿ ಹಾಲು ಕಾಸಿದರು. ನನ್ನ ಗಂಡನ ಮಣ್ಣಾದ ದಿನದಿಂದ ನಮ್ಮ ಊಟ ಓಣಿಯ ಮನೆಗಳಿಂದ ಬರುತ್ತಿತ್ತು. ಹೆಪ್ಪು ಹಾಕಲು ನೋಡಿದರೆ ಮನೆಯಲ್ಲಿ ಮೊಸರಿನ ಹನಿಯೂ ಇರಲಿಲ್ಲ.

“ದಾನವ್ವ, ಬಾಜೂ ಮನಿಗೆ ಹೋಗಿ ಒಂಚೂರು ಹೆಪ್ಪು ಇಸಗೊಂಡ ಬಾ” ಅಂದರು.

ಬಟ್ಟಲು ಹಿಡಿದು ಹೋದೆ. ಪಕ್ಕದ ಮನೆಯಾಕೆ ಗಡಿಗೆಯಿಂದ ಒಂದು ಚಮಚ ಮೊಸರು ಹಾಕಿದಳು.

“ನಾಳೆ ತಿರುಗಿ ಕೊಡ್ತೀನ್ರಿ” ಅಂದೆ.

ಆಕೆ ನಕ್ಕಳು. ನಾನು ಯಾರು, ಇದು ಎಂಥ ದಿನ ಎಂದು ನೆನಪಾಗಿ ನಗು ತಡೆದಳು.

“ಹೆಪ್ಪು ಯಾರರ ತಿರುಗಿ ಕೊಡ್ತಾರೇನವ್ವಾ? ನಿನಗ ಕೊಟ್ರ ನನ್ನ ಗಡಿಗ್ಯಾಗಿಂದು ಎಲ್ಲಿ ಹೋಗತೈತಿ?”

ನಾನು ಹಾಸ್ಟೆಲುಗಳಲ್ಲಿ ಬೆಳೆದವಳು. ನನಗೆ ಮೊಸರೆಂದರೆ ಪ್ಯಾಕೆಟ್ಟು. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ. ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಇಳಿದಿದ್ದರೆ ಅಂದು ಕಚೇರಿಯಲ್ಲಿ ನಡೆಯಲಿದ್ದ ಕೆಲಸವನ್ನು ನಿಲ್ಲಿಸಬಹುದಿತ್ತು.

ಅತ್ತೆ ಮಠಕ್ಕೆ ಹೋದರು. ನಾನು ಬಾಗಿಲು ಹಾಕಿ, ಟ್ರಂಕಿನ ತಳದಲ್ಲಿದ್ದ ಮದುವೆಯ ಸೀರೆಯ ಮಡಿಕೆಯಿಂದ ಗಂಡ ಗುರುಸಿದ್ಧನ ಗವಸನ್ನು, ಅವನ ಕರಿಗೈಯನ್ನು, ತೆಗೆದೆ. ಬಲಗೈಗೆ ಹಾಕಿಕೊಂಡೆ. ಸ್ವಲ್ಪ ದೊಡ್ಡದು. ಕೂದಲು ಬಿಚ್ಚಿ, ಕಣ್ಣು ಮುಚ್ಚಿ, ಕೈಯನ್ನು ಬೆನ್ನ ಹಿಂದೆ ಒಯ್ದೆ.

ಬನ್ನಿಗೇರಿ ನೇಕಾರರ ಊರು. ನಾನು ಸೊಸೆಯಾಗಿ ಬರುವ ಎಷ್ಟೋ ಮೊದಲು ಇಲ್ಲಿನ ಬಣ್ಣದ ಮನೆಗಳಿಗೆ ಹೊಸ ಬಗೆಯ ನೀಲಿಯೊಂದು ಬಂದಿತ್ತು. ಅಗ್ಗದ್ದು, ಎಷ್ಟು ಒಗೆದರೂ ಹೋಗದ್ದು. ಅದು ನೂಲಿನಿಂದ ಬೆರಳಿಗೆ, ಬೆರಳಿನಿಂದ ನರಕ್ಕೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಅರ್ಧ ಊರಿನ ಬೆರಳುಗಳಿಗೆ ಜೋಮು ಹಿಡಿದು ಹಾಗೇ ಉಳಿಯಿತು. ಬಣ್ಣದ ತೊಟ್ಟಿಗಳ ಪಕ್ಕ ಆಡಿ ಬೆಳೆದ ಮಕ್ಕಳದ್ದೂ ಅದೇ ಕತೆ. ಗುರುಸಿದ್ಧ ಅಂಥ ಮಗು. ದೊಡ್ಡವನಾಗಿ ಇದೇ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ.

ಆಮೇಲೆ ನರಗವಸು ಬಂತು. ಮೊಣಕೈವರೆಗಿನ ಕಪ್ಪು ಜಾಲರಿಯ ಗವಸು. ಬೆರಳು ಸತ್ತರೂ ಮುಂಗೈಯ ಸ್ನಾಯುವಿನಲ್ಲಿ ಮನಸ್ಸಿನ ಆಜ್ಞೆ ಸಣ್ಣಗೆ ಮಿಡಿಯುತ್ತಿರುತ್ತದೆ. ಗವಸು ಅದನ್ನು ಓದಿ ಬೆರಳನ್ನು ಆಡಿಸುತ್ತದೆ. ಮೊದಮೊದಲು ತಪ್ಪುತ್ತದೆ, ಬರಬರುತ್ತ ಕಲಿಯುತ್ತದೆ. ಹೀಗೆ ಕಲಿತ ಒಂದೊಂದು ಚಲನೆಯನ್ನೂ ರೂಢಿ ಎನ್ನುತ್ತೇವೆ. ರೊಟ್ಟಿ ಬಡಿಯುವ ರೂಢಿ, ಲಾಳಿ ಎಸೆಯುವ ರೂಢಿ, ಗುಂಡಿ ಹಾಕುವ ರೂಢಿ. ಗವಸಿಗೆ ಊರವರು ಇಟ್ಟ ಹೆಸರು ಕರಿಗೈ.

ಒಂದು ಕರಿಗೈಯ ರೂಢಿಯನ್ನು ಇನ್ನೊಂದಕ್ಕೆ ದಾಟಿಸಬಹುದಿತ್ತು. ಅಂಗೈಗೆ ಅಂಗೈ ಒತ್ತಿ ಒಂದಿಷ್ಟು ಹೊತ್ತು ನಿಂತರೆ ಸಾಕು. ತಯಾರಿಸಿದವರು ಅದನ್ನು ದುರಸ್ತಿಗೆಂದು ಇಟ್ಟಿದ್ದರು. ಬನ್ನಿಗೇರಿಯವರು ಕಡ ಕೊಡಲು ಬಳಸಿದರು. ಹೊಸ ಸೊಸೆಯ ರೊಟ್ಟಿ ದಪ್ಪ ಬಂದರೆ ಎದುರು ಮನೆಯಾಕೆ ಅಂಗೈ ಚಾಚುತ್ತಿದ್ದಳು. ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ. ಕಡ ಬಂದ ರೂಢಿಯ ಮೇಲೆ ಕೊಟ್ಟವರ ಗುರುತು ಅಂಟಿಕೊಂಡಿರುತ್ತಿತ್ತು. ಕೊಟ್ಟವರ ಕರಿಗೈಯಲ್ಲೂ ಆ ರೂಢಿ ಉಳಿಯುತ್ತಿತ್ತು, ಅದಕ್ಕೆ ‘ಕಡ ಹೋಗಿದೆ’ ಎಂಬ ಒಂದು ಚಿಕ್ಕೆ ಬೀಳುತ್ತಿತ್ತು, ಅಷ್ಟೇ.

ಸಂಜೆ ಶಾಲೆಯಿಂದ ಬಂದು ಗುರುಸಿದ್ಧ ಹಿತ್ತಲ ಕಟ್ಟೆಯ ಮೇಲೆ ನನ್ನ ಹಿಂದೆ ಕೂತು ಹೆರಳು ಹಾಕುತ್ತಿದ್ದ. ಪ್ರತಿ ಎಳೆ ಎತ್ತುವ ಮೊದಲು ಅವನ ಹೆಬ್ಬೆರಳು ಒಂದು ಕ್ಷಣ ತಡೆಯುತ್ತಿತ್ತು, ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವವರ ಹಾಗೆ. ಆಮೇಲೆ ಎಳೆ ಎಳೆಯೊಳಗೆ ತೂರುತ್ತಿತ್ತು. ಈಗ ಅವನ ಕರಿಗೈ ನನ್ನ ಬೆರಳುಗಳನ್ನು ಹಿಡಿದು ಅದನ್ನೇ ಮಾಡಿತು. ಆ ತಡೆಯೂ ಬಂತು. ನಾನು ಅಳಬೇಕಿತ್ತು. ಅಳು ಬರಲಿಲ್ಲ. ಬಿಚ್ಚಿ, ಇನ್ನೊಮ್ಮೆ ಹಾಕಿಸಿಕೊಂಡೆ.

ಯಾರಾದರೂ ತೀರಿಕೊಂಡರೆ ಇಲ್ಲಿ ಕರಿಗೈಯನ್ನು ಅವರ ಜೊತೆ ಮಣ್ಣಿಗೆ ಕೊಡುತ್ತಾರೆ, ಇಲ್ಲವೇ ನಾನು ಕೆಲಸ ಮಾಡುವ ನರಗವಸು ಕೇಂದ್ರಕ್ಕೆ ಒಪ್ಪಿಸುತ್ತಾರೆ. ಗುರುಸಿದ್ಧ ಶಾಲೆಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನು ಏಳಲಿಲ್ಲ. ನಮ್ಮ ಪದ್ಧತಿಯಂತೆ ಅವನನ್ನು ಕೂರಿಸಿ ಮಣ್ಣು ಮಾಡುವಾಗ ಅತ್ತೆ ಕೇಳಿದರು. ಕೇಂದ್ರಕ್ಕೆ ಕೊಟ್ಟೆ ಅಂದೆ. ಕೇಂದ್ರದಲ್ಲಿ ಕೇಳಿದರು. ಮಣ್ಣಿಗೆ ಹೋಯಿತು ಅಂದೆ. ಎರಡು ಸುಳ್ಳುಗಳು ಒಂದರ ಮುಖ ಒಂದು ನೋಡದಂತೆ ದೂರ ದೂರ ನಿಂತಿದ್ದವು.

ಹೆರಳು ಬಿಚ್ಚಿ, ತುರುಬು ಕಟ್ಟಿಕೊಂಡು ಕೆಲಸಕ್ಕೆ ಹೊರಟೆ.

*

“ನೀ ಯಾಕ ಬಂದಿ?” ರುಕ್ಸಾನಾ ಕುರ್ಚಿಯಿಂದ ಎದ್ದೇ ಬಿಟ್ಟಳು. “ಮನಿಯಾಗ ಕೂಡಬಾರದ?”

“ಕೂತು ಏನು ಮಾಡಲಿ?”

ಅವಳು ನನ್ನ ಮುಖ ನೋಡಿ, ಚಹದ ಕಪ್ಪನ್ನು ನನ್ನ ಕಡೆ ತಳ್ಳಿದಳು. ನರಗವಸು ಕೇಂದ್ರದಲ್ಲಿ ನಾವಿಬ್ಬರೂ ಒಂದೇ ವರ್ಷ ಸೇರಿದವರು. ಅವಳು ಇದೇ ಊರಿನವಳು, ಬಲಗೈಗೆ ಕರಿಗೈ ಇದೆ. ನಾನು ಧಾರವಾಡದಲ್ಲಿ ಓದಿ ಬಂದವಳು, ಕೈ ಸರಿಯಾಗಿದೆ.

ಅಂದು ಕರಿಗೈಗಳ ಆಪರೇಟಿಂಗ್ ಸಿಸ್ಟಂ ಬದಲಿಸುವ ದಿನ. ಹಳೆಯದನ್ನು ನೋಡಿಕೊಳ್ಳುವವರು ಕೈಬಿಟ್ಟಿದ್ದರು. ಅದರೊಳಗಿನ ತೂತುಗಳಿಗೆ ತೇಪೆ ಹಾಕುವವರಿರಲಿಲ್ಲ. ಹಾಗೇ ಬಿಟ್ಟರೆ ಒಂದಲ್ಲ ಒಂದು ದಿನ ಎಲ್ಲ ಕೈಗಳೂ ನಿಲ್ಲುತ್ತಿದ್ದವು. ಆದರೆ ಹೊಸ ಸಿಸ್ಟಂಗೆ ಹಳೆಯ ರೂಢಿಗಳನ್ನು ಓದಲು ಬರುವುದಿಲ್ಲ. ಒಂದೊಂದನ್ನೂ ಹೊಸ ರೂಪಕ್ಕೆ ತಿರುಗಿಸಿ ಅದೇ ಜಾಗದಲ್ಲಿ ಬರೆಯಬೇಕು. ಬರೆದ ಮೇಲೆ ಹಿಂದಿನದು ಇರುವುದಿಲ್ಲ. ಹಿಂತಿರುಗುವ ದಾರಿ ಇಲ್ಲದ ಕೆಲಸ. ಆದ್ದರಿಂದಲೇ ತಿಂಗಳುಗಟ್ಟಲೆ ತಯಾರಿ ಮಾಡಿದ್ದೆವು.

ತಯಾರಿಯಲ್ಲಿ ಒಂದು ಪ್ರಶ್ನೆ ಎದ್ದಿತ್ತು. ‘ಕಡ ಹೋಗಿದೆ’ ಎಂಬ ಚಿಕ್ಕೆ ಇರುವ ರೂಢಿಯನ್ನು ಏನು ಮಾಡುವುದು? ಹೊಸ ಸಿಸ್ಟಂನಲ್ಲಿ ಒಂದು ರೂಢಿಗೆ ಒಂದೇ ಜಾಗ. ನಾನು ಗ್ರಂಥಾಲಯದ ಪುಸ್ತಕದ ಉದಾಹರಣೆ ಕೊಟ್ಟೆ. ಪುಸ್ತಕ ಕಡ ಹೋಗಿದೆ ಅಂದರೆ ಅದು ಕಪಾಟಿನಲ್ಲಿಲ್ಲ, ಒಯ್ದವರ ಮನೆಯಲ್ಲಿದೆ. ಈಗ ಯಾರ ಹತ್ತಿರ ಇದೆಯೋ ಅಲ್ಲೇ ಇರಲಿ. ಎಲ್ಲರೂ ತಲೆಯಾಡಿಸಿದರು. ನಿಯಮ ಬರೆದೆ. ಪರೀಕ್ಷೆಯೂ ಆಯಿತು. ಪರೀಕ್ಷೆಗೆ ಕೈ ಕೊಟ್ಟವರೆಲ್ಲ ಕೇಂದ್ರದ ನೌಕರರು. ಒಂದೂ ತಪ್ಪು ಕಾಣಲಿಲ್ಲ. ನಮ್ಮಲ್ಲಿ ಯಾರೂ ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ.

ಮೊದಲ ಸರದಿ ಮಗ್ಗದ ಓಣಿಯದು. ಪರದೆಯ ಮೇಲೆ ಒಂದೊಂದು ಕೈಯೂ ಹಳದಿಯಿಂದ ಹಸಿರಿಗೆ ತಿರುಗಿತು. ಎಲ್ಲವೂ ಹಸಿರಾದಾಗ ರುಕ್ಸಾನಾ ಪೇಢೆ ತರಿಸೋಣವೆಂದು ಬಾಯಿ ತೆರೆದು, ನನ್ನನ್ನು ನೋಡಿ ಮುಚ್ಚಿಕೊಂಡಳು.

ಮರುದಿನ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಅಂಗಳ ತುಂಬಿತ್ತು.

“ಓಣಿಗೆಲ್ಲ ರೊಟ್ಟಿ ಬಡಿಯೂದು ಕೊಟ್ಟಾಕಿ ನಾ,” ಒಬ್ಬಾಕೆ ಕೈ ಎತ್ತಿ ತೋರಿಸಿದಳು. ಬೆರಳುಗಳು ಹಿಟ್ಟು ಮೆತ್ತಿಕೊಂಡು ಬಾಚಣಿಗೆಯ ಹಾಗೆ ನಿಂತಿದ್ದವು. “ಇವತ್ತ ಸೊಸಿ ಬಡದ ಹಾಕ್ಯಾಳ, ನಾ ಕುಂತ ತಿಂದೇನಿ. ಅಕಿ ಮಾರಿಮ್ಯಾಲಿನ ನಗಿ ನೋಡಬೇಕಿತ್ರಿ ನೀವು!”

ಜನ ನಕ್ಕರು. ಆಕೆಯೂ ನಕ್ಕಳು. ನಗುತ್ತಲೇ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

ಸಂಜೆಯ ಹೊತ್ತಿಗೆ ಗೊತ್ತಾಯಿತು. ಕಡ ತಂದವರ ಕೈಗಳು ಸರಿಯಾಗಿದ್ದವು. ಏನೂ ಕೊಡದವರ ಕೈಗಳೂ ಸರಿಯಾಗಿದ್ದವು. ಯಾರು ಹೆಚ್ಚು ಕೊಟ್ಟಿದ್ದರೋ ಅವರ ಕೈ ಹೆಚ್ಚು ಬರಿದಾಗಿತ್ತು. ಹೆಪ್ಪು ಕೊಟ್ಟವಳ ಗಡಿಗೆಯನ್ನು ನಾನು ತೊಳೆದಿಟ್ಟಿದ್ದೆ.

“ತಪ್ಪು ಎಲ್ಲಾರದೂ,” ರುಕ್ಸಾನಾ ಅಂದಳು. “ನಾನೂ ಇಲ್ಲೇ ಹುಟ್ಟಿದಾಕಿ. ನಂಗೂ ಹೊಳೀಲಿಲ್ಲ.”

ನಿಯಮ ನನ್ನದು. ಆದರೆ ಮುಂದೆ ನನ್ನನ್ನು ಕುಗ್ಗಿಸಿದ್ದು ಆ ನಿಯಮವಲ್ಲ. ಅದನ್ನು ಎಲ್ಲರ ಎದುರು ಒಪ್ಪಿಕೊಂಡೆ, ಅದು ಸುಲಭವಾಗಿತ್ತು.

ಉಳಿದ ಓಣಿಗಳ ಕೆಲಸ ನಿಲ್ಲಿಸಿದೆವು. ಮಗ್ಗದ ಓಣಿಯಲ್ಲಿ ಡಂಗುರ ಸಾರಿಸಿದೆವು: ಕಡ ತಂದವರು ತಂದದ್ದನ್ನು ಕೊಟ್ಟವರಿಗೆ ತಿರುಗಿ ಕೊಡಿ. ಒಂದು ರೂಢಿಯನ್ನು ಹತ್ತು ಮಂದಿ ಒಯ್ದಿದ್ದರೂ ಒಬ್ಬರು ಕೊಟ್ಟರೆ ಸಾಕು. ಆದರೆ ಹೊಸ ಸಿಸ್ಟಂನಲ್ಲಿ ಕೊಟ್ಟ ಕೈ ಬರಿದಾಗುತ್ತದೆ. ಹಳೆಯ ಹಾಗೆ ಎರಡೂ ಕಡೆ ಉಳಿಯುವಂತೆ ಮಾಡಲು ಬೇರೆ ಆವೃತ್ತಿ ಬರೆಯಬೇಕು. ಅದಕ್ಕೆ ತಿಂಗಳುಗಳು ಬೇಕು.

ಬರುತ್ತಾರೋ ಇಲ್ಲವೋ ಎಂದು ಅಂಜಿದ್ದೆವು. ಬಂದರು. ಕೇಂದ್ರದ ಅಂಗಳದಲ್ಲಿ ಜನ ಜೋಡಿ ಜೋಡಿಯಾಗಿ ಅಂಗೈ ಒತ್ತಿ ನಿಂತರು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಬೇರೆ ಬೇರೆ ದಿಕ್ಕು ನೋಡುತ್ತ ಒತ್ತಿದರು. ರೊಟ್ಟಿಯಾಕೆಯ ಸೊಸೆ ಅತ್ತೆಗೆ ಅಂಗೈ ಕೊಟ್ಟು, “ನಾಳಿಂದ ಮತ್ತ ನೀವ ಬಡೀರಿ, ನನಗೂ ಸಾಕಾಗೈತಿ” ಅಂದಳು. ಅವಳ ರೊಟ್ಟಿ ಇನ್ನು ದಪ್ಪ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅಂಗಳ ಖಾಲಿಯಾದ ಮೇಲೆ ಸಾವಂತ್ರವ್ವ ಒಬ್ಬಳೇ ಕೂತಿದ್ದಳು.

*

ಇಲ್ಲಿನ ಸೀರೆಯಲ್ಲಿ ಉದ್ದಕ್ಕೆ ಹೂಡುವ ನೂಲು, ಅಂದರೆ ಹಾಸು, ಮೈಗೆ ಬೇರೆ, ಸೆರಗಿಗೆ ಬೇರೆ. ಮೈ ಹತ್ತಿಯದಾದರೆ ಸೆರಗು ರೇಷ್ಮೆಯದು. ಮೈಯ ಒಂದೊಂದು ಎಳೆಯನ್ನೂ ಸೆರಗಿನ ಎಳೆಯ ಕುಣಿಕೆಯೊಳಗೆ ತೂರಿಸಿ ಜೋಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ಹಾಕಲಾಗದ ಮಗ್ಗದಲ್ಲಿ ಸೆರಗಿಲ್ಲದ ಸೀರೆ. ಓಣಿಯಲ್ಲಿ ಸಾವಂತ್ರವ್ವನಷ್ಟು ಸಣ್ಣ ಕೊಂಡಿ ಯಾರದೂ ಇಲ್ಲ. ಇದನ್ನು ಬೇರೆಯವರು ಹೇಳುವ ಮೊದಲು ಅವಳೇ ಹೇಳುತ್ತಿದ್ದಳು.

“ಏನ್ರಿ ಕಂಪ್ಯೂಟರ್ ಬಾಯಾರ,” ಅಂದಳು. “ಲಾಳಿ ಐತಿ, ರೊಟ್ಟಿ ಐತಿ, ಎಲಿ ಅಡಿಕಿ ಮಡಚೂದೂ ಐತಿ. ಕೊಂಡಿ ಒಂದ ಇಲ್ಲ ನೋಡ್ರಿ.”

“ಬೇರೆಯವರ ಕೊಂಡಿ ಹಾಕಿ ನೋಡೋಣಲ್ಲ, ದೊಡ್ಡವ್ವಾ?” ರುಕ್ಸಾನಾ ಕೇಳಿದಳು.

“ಹಾಕಿಸಿದ್ನಲ್ಲ, ಆಚಿ ಮನಿಯಾಕಿದು. ಎಳಿ ಹರಕೋತ ಹೊಂಟೈತಿ. ನನ್ನ ಹೆಬ್ಬಟ್ಟು ಸೊಟ್ಟ ಐತಿ ನೋಡು. ಸಣ್ಣಾಕಿದ್ದಾಗ ಮಗ್ಗದ ಹಲಗಿ ಬಡದ ಮುರದಿದ್ದು. ಎಳಿ ಎತ್ತೂಕಿಂತ ಮೊದಲ ಒಂಚೂರು ತಡದ, ಹೊಳ್ಳಿ, ಆಮ್ಯಾಲ ಎತ್ತಬೇಕ ಅದು. ಮಂದಿ ಕೊಂಡಿಗೆ ಆ ತಡಿಯೂದ ಗೊತ್ತಿಲ್ಲ.”

ನಾನು ಆ ಹೆಬ್ಬೆರಳನ್ನು ನೋಡಿದೆ. ಕಪ್ಪು ಜಾಲರಿಯೊಳಗೆ ಅದು ಒಂದು ಕಡೆಗೆ ವಾಲಿಕೊಂಡಿತ್ತು.

“ಯಾರಿಗೆ ಕಡ ಕೊಟ್ಟಿದ್ರಿ?” ರುಕ್ಸಾನಾ ಕೇಳಿದಳು.

“ಕೊಂಡಿ ನಾ ಯಾರಿಗೂ ಕೊಟ್ಟಾಕೆಲ್ಲ. ಒಬ್ಬಗ ಕೊಟ್ಟೆ.” ಅವಳು ನನ್ನ ಕಡೆ ತಿರುಗಿದಳು. ದನಿ ತಗ್ಗಿತು. “ನಿನ್ನ ಗಂಡಗ ಕೊಟ್ಟಿದ್ದೆವ್ವ. ಲಗ್ನಾದ ಹೊಸದಾಗಿ ಬಂದಿದ್ದ. ಕೊಂಡಿ ಕೊಡು ದೊಡ್ಡವ್ವಾ ಅಂದ. ಮಾಸ್ತರಗ ಕೊಂಡಿ ಯಾಕೋ, ಗಣಿತದಾಗ ಸೆರಗ ಹಚ್ಚತೀಯೇನು ಅಂದೆ. ನಾಚಿದ. ಹೆಣತಿಗೆ ಹೆರಳ ಹಾಕಬೇಕು, ಬೆರಳು ತಿರುಗವಲ್ಲವು ಅಂದ. ನಕ್ಕ ನಕ್ಕ ನನ್ನ ಹೊಟ್ಟಿ ಹುಣ್ಣಾತು. ಆಮ್ಯಾಲ ಕೊಟ್ಟೆ.”

ರುಕ್ಸಾನಾ ಕಣ್ಣೊರೆಸಿಕೊಂಡಳು. ನನ್ನ ಕೈ ತುರುಬಿಗೆ ಹೋಯಿತು.

“ಅವನ ಕೈ ಎಲ್ಲೈತಿ, ದಾನವ್ವ?”

ಟ್ರಂಕು ಮನೆಯಲ್ಲಿತ್ತು. ಮನೆ ಎರಡು ಓಣಿ ಆಚೆ.

“ಅವರ ಜೊತೆಗೇ ಹೋಯ್ತು” ಅಂದೆ.

ಸಾವಂತ್ರವ್ವ ಕೊಂಡಿ ಮರೆತ ಆ ಕೈಯಿಂದ ನನ್ನ ಗಲ್ಲ ಸವರಿದಳು.

“ಹೋಗ್ಲಿ ಬಿಡು. ಹೋದಾವ ಹೋದ, ಕೊಂಡಿ ಏನ ದೊಡ್ಡದು. ಬಸುರಿ ಮೊಮ್ಮಗಳ ಕುಬಸದ ಸೀರಿ ಮಗ್ಗದ ಮ್ಯಾಲ ಐತಿ, ಅದಕ್ಕ ಬಂದೆ. ಹಸರ ಮೈ ನೇಯ್ದಾಗೇತಿ. ಅಂಗಡಿಯಾಗಿಂದ ಒಂದು ತಂದ ಕೊಟ್ರಾತು. ನೀ ಏನರ ತಿಂದೀಯಿಲ್ಲೋ?”

ಅವಳು ಬೈದಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ.

ಮರುದಿನ ಅತ್ತೆ ಮಠಕ್ಕೆ ಹೋದಾಗ ಟ್ರಂಕು ತೆಗೆದೆ. ಕರಿಗೈ ಹಾಕಿಕೊಂಡೆ. ಹೆಬ್ಬೆರಳು ತಡೆಯಿತು. ಅವನ ಸಂಕೋಚ ಎಂದು ನಾನು ತಿಳಿದಿದ್ದದ್ದು ಯಾವುದೋ ಕಾಲದಲ್ಲಿ ಮಗ್ಗದ ಹಲಗೆ ಬಡಿದು ಮುರಿದ ಎಲುಬು. ಅದು ಅವನದಲ್ಲ ಎಂದು ಗೊತ್ತಾದ ಮೇಲಾದರೂ ಬಿಡಬಹುದಿತ್ತು. ಬಿಡಲಾಗಲಿಲ್ಲ. ಅವನು ಹೋಗಿ, ನಾಚಿ, ಕೇಳಿ ತಂದದ್ದು ಅದು.

ನನಗೆ ನಾನೇ ಲೆಕ್ಕ ಒಪ್ಪಿಸಿಕೊಂಡೆ. ಮುಂದಿನ ಆವೃತ್ತಿ ಬರಲಿ. ಆಗ ಕೊಟ್ಟರೂ ನನ್ನಲ್ಲಿ ಉಳಿಯುತ್ತದೆ. ಸೀರೆ ಕಾಯಬಹುದು. ಕುಬಸಕ್ಕೆ ಅಂಗಡಿಯ ಸೀರೆ ಆಗುತ್ತದೆ ಎಂದು ಅವಳೇ ಹೇಳಿದ್ದಾಳಲ್ಲ. ಆ ಹೊಸ ಆವೃತ್ತಿಯ ನಿಯಮವನ್ನು ನಾನು ಎಂದೂ ಇಲ್ಲದ ಉತ್ಸಾಹದಿಂದ ಬರೆಯತೊಡಗಿದೆ. ರುಕ್ಸಾನಾ ಅದನ್ನು ಕೆಲಸದ ಮೇಲಿನ ನಿಷ್ಠೆ ಎಂದುಕೊಂಡಳು. “ದುಃಖಾ ಮರಿಯಾಕ ಹಿಂಗ ದುಡೀಬ್ಯಾಡ” ಎಂದು ಚಹ ತಂದಿಟ್ಟಳು.

*

ಆ ವಾರದ ಕೊನೆಗೆ ರುಕ್ಸಾನಾ ನಮ್ಮ ಮನೆಗೆ ಬಂದಳು. ಜೊತೆಗೆ ಓಣಿಯ ಇಬ್ಬರು ಹಿರಿಯರು. ಅತ್ತೆ ಚಾಪೆ ಹಾಸಿದರು. ಯಾರೂ ಕೂರಲಿಲ್ಲ.

“ಹೆಂಗ ಹೇಳಬೇಕೋ ತಿಳೀವಲ್ಲದು,” ಹಿರಿಯರೊಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. “ಸಾವಂತ್ರವ್ವ ಮಗ್ಗದ ಹಾಸು ಕೊಯ್ಯಾಕ ನಿಂತಾಳ. ಕೊಂಡಿ ಇಲ್ಲದ ಕೈ ಇಟಗೊಂಡ ನಾ ಮಗ್ಗದ ಕುಣ್ಯಾಗ ಇಳ್ಯಾಕೆಲ್ಲ ಅಂತಾಳ. ಅಕಿ ಮಗ್ಗ ನಿಂತ್ರ ಓಣಿ ನಿಂತಂಗ. ನಿಮ್ಮ ಮಗನ ಕೈಯಾಗ ಅಕಿ ಕೊಂಡಿ ಐತಿ. ನೀವು ಹೂಂ ಅಂದ್ರ... ಸ್ವಾಮ್ಯಾರನ್ನ ಕೇಳೇವಿ. ವಿಧಿ ಮಾಡಿ, ಮಣ್ಣ ಸರಿಸಿ...”

ಅತ್ತೆಗೆ ಅರ್ಥವಾಗಲು ಹೊತ್ತು ಹಿಡಿಯಿತು.

“ಮಣ್ಣಿನಾಗ ಎಲ್ಲೈತಿ? ಅದನ್ನ ನಮ್ಮ ದಾನವ್ವ ಕೇಂದ್ರಕ್ಕ...”

ನಿಲ್ಲಿಸಿದರು. ರುಕ್ಸಾನಾ ನನ್ನ ಕಡೆ ನೋಡಿದಳು. ಅತ್ತೆ ನನ್ನ ಕಡೆ ನೋಡಿದರು. ನಾನು ಚಾಪೆಯ ಅಂಚು ನೋಡುತ್ತಿದ್ದೆ. ದೂರ ನಿಂತಿದ್ದ ಎರಡು ಸುಳ್ಳುಗಳು ನಮ್ಮ ಪಡಸಾಲೆಯಲ್ಲಿ ಎದುರುಬದುರಾದವು.

“ಕೇಂದ್ರಕ್ಕ ಕೊಡಬೇಕಂತ ಮಾಡಿದ್ಲು,” ಅತ್ತೆ ನಿಧಾನವಾಗಿ ಮುಂದುವರಿಸಿದರು. “ಕುಂತವನ್ನ ಎಬ್ಬಸಾಕ ನಾ ಹೂಂ ಅನ್ನಾಕೆಲ್ಲ. ನೀವು ಹೋಗ್ರಿ. ಸಾವಂತ್ರಿಗೆ ಹೇಳ್ರಿ, ಹಾಸು ಕೊಯ್ಯಬ್ಯಾಡ ಅನ್ರಿ. ನಾಳಿತನಕ ತಡೀಲಿ.”

ಅವರು ಹೋದರು. ರುಕ್ಸಾನಾ ಹೊಸ್ತಿಲಲ್ಲಿ ಒಮ್ಮೆ ನಿಂತು ಹೋದಳು. ಅತ್ತೆ ಬಾಗಿಲು ಮುಂದೆ ಮಾಡಿದರು.

“ಎಲ್ಲೈತಿ?”

ಟ್ರಂಕು ತೆಗೆದೆ. ಸೀರೆಯ ಮಡಿಕೆಯಿಂದ ಕರಿಗೈ ಹೊರಬಂದಾಗ ಅತ್ತೆ ಗೋಡೆ ಹಿಡಿದುಕೊಂಡರು.

“ನಾ ದಿನಾ ಮಠಕ್ಕ ಹೋಗಿ ಗದ್ದಿಗಿ ಕಲ್ಲ ಮುಟ್ಟಿ ಬರಾಕತ್ತೇನಿ,” ಅಂದರು. “ನನ್ನ ಮಗನ ಕೈ ಮನಿಯಾಗ ಇಟಗೊಂಡ ನೀ ಒಬ್ಬಾಕಿನ... ಒಬ್ಬಾಕಿನ ಮುಟಗೊಂತ ಕುಂತಿ ಏನ?”

ಸಾವಂತ್ರವ್ವನ ಎದುರು ನನಗೆ ನಾಚಿಕೆಯಾಗಿತ್ತು. ಇದು ಬೇರೆ. ಹೆತ್ತವಳೊಬ್ಬಳು ಈ ಮನೆಯಲ್ಲಿದ್ದಾಳೆ ಎಂಬುದು ಇಷ್ಟು ದಿನ ನನ್ನ ಲೆಕ್ಕದಲ್ಲೇ ಇರಲಿಲ್ಲ. ಬಾಗಿಲು ಹಾಕಿಕೊಳ್ಳಲು ಅವರು ಹೊರಗೆ ಹೋಗುವುದನ್ನು ಕಾಯುತ್ತಿದ್ದೆ, ಅಷ್ಟೇ.

“ಅತ್ತೀ...”

“ತಾ ಇಲ್ಲೆ.”

ಅವರು ನೆಲದ ಮೇಲೆ ಕೂತು ಕರಿಗೈಯನ್ನು ತಮ್ಮ ಕೈಗೆ ಹಾಕಿಕೊಳ್ಳಲು ನೋಡಿದರು. ಹೇಗೆಂದು ತಿಳಿಯಲಿಲ್ಲ. ಅವರದು ಬಣ್ಣ ಮುಟ್ಟದ ಕೈ. ನಾನು ಬೆರಳೊಂದೊಂದನ್ನೇ ಸರಿಪಡಿಸಿ ಪಟ್ಟಿ ಬಿಗಿದೆ. ಏನು ಮಾಡಬೇಕೆಂದು ತೋಚದೆ ಅವರು ಕೈಯನ್ನು ಹಣೆಯ ಕಡೆ ಒಯ್ದರು. ನಡುವಿನ ಮೂರು ಬೆರಳು ತಾವಾಗಿ ಜೋಡಿಯಾದವು, ಮಣಿಕಟ್ಟು ತುಸು ವಾಲಿತು, ಹಣೆಯ ಮೇಲೆ ಎಡದಿಂದ ಬಲಕ್ಕೆ ವಿಭೂತಿಯ ಗೆರೆ ಎಳೆದವು. ಬೆರಳುಗಳಲ್ಲಿ ವಿಭೂತಿ ಇರಲಿಲ್ಲ. ಬೆಳಿಗ್ಗೆ ಹಚ್ಚಿಕೊಂಡ ಗೆರೆಗಳ ಮೇಲೆಯೇ ಬೆರಳು ಸರಿಯಾಗಿ ಹಾದವು.

ಅತ್ತೆ ಕೈಯನ್ನು ಇನ್ನೊಮ್ಮೆ ಹಣೆಗೆ ಒಯ್ದರು.

“ನಾಳೆ ಇದನ್ನು ಹೊಸ ಸಿಸ್ಟಂಗೆ ಹಾಕಬೇಕು,” ಅಂದೆ. “ಇಲ್ಲದಿದ್ದರೆ ಸಾವಂತ್ರವ್ವನ ಕೈ ಇದನ್ನು ಗುರುತಿಸೋದಿಲ್ಲ. ಹಾಕಿದರೆ ನಿಮ್ಮ ಮಗನದ್ದು ಅಂತ ಇದ್ದದ್ದೆಲ್ಲ ಹೋಗುತ್ತೆ. ಅವರ ನರದ ಗುರುತು ಸಿಕ್ಕರೆ ಮಾತ್ರ ಸ್ವಂತ ರೂಢಿ ಉಳಿಯೋದು. ಕಡ ತಂದದ್ದೊಂದು ಉಳಿಯುತ್ತೆ. ಅದರ ಮೇಲೆ ಕೊಟ್ಟವರ ಗುರುತಿದೆ.”

“ಈ ವಿಭೂತಿನೂ ಹೋಗತೈತಿ?”

“ಹೋಗುತ್ತೆ.”

ಅವರು ಪಟ್ಟಿ ಬಿಚ್ಚಿ ಕರಿಗೈಯನ್ನು ನನ್ನ ತೊಡೆಯ ಮೇಲಿಟ್ಟರು. ಬರಿಗೈಯ ಮೂರು ಬೆರಳು ಜೋಡಿಸಿ ನೋಡಿಕೊಂಡರು.

“ಅದು ನಾ ಕಲಿಸಿದ್ದು,” ಅಂದರು. “ನನ್ನ ಕೈಯಾಗ ಐತಿ. ನೀ ಒಯ್ಯಿ.”

*

ಮರುದಿನ ಕೇಂದ್ರದಲ್ಲಿ ರುಕ್ಸಾನಾ ಒಂದೂ ಪ್ರಶ್ನೆ ಕೇಳಲಿಲ್ಲ. ತಂತಿ ಜೋಡಿಸಿಕೊಟ್ಟು, ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತಳು. ಹಾಗೆ ನಿಂತದ್ದು ಮರ್ಯಾದೆಯಿಂದಲೋ ಸಿಟ್ಟಿನಿಂದಲೋ ತಿಳಿಯಲಿಲ್ಲ.

ಪರದೆಯ ಮೇಲೆ ಅಕ್ಷರ ಮೂಡಿದವು. ‘ಧರಿಸುವವರ ಗುರುತು ಸಿಗುತ್ತಿಲ್ಲ. ಸ್ವಂತ ರೂಢಿಗಳನ್ನು ಉಳಿಸಲಾಗದು. ಮುಂದುವರಿಯಬೇಕೆ?’ ಆ ವಾಕ್ಯಗಳನ್ನು ಬರೆದವಳೂ ನಾನೇ. ಬರೆಯುವಾಗ ಇವು ಯಾರಿಗಾದರೂ ಕಾಣಿಸಿಕೊಳ್ಳುತ್ತವೆ ಎಂದು ಯೋಚಿಸಿರಲಿಲ್ಲ. ಸೀಮೆಸುಣ್ಣ ಹಿಡಿಯುವುದು ಅದರೊಳಗಿತ್ತು. ಅನ್ನ ಕಲಸುವುದು, ಜ್ವರ ಬಂದಾಗ ಹಣೆ ಮುಟ್ಟಿ ನೋಡುವುದು. ಹೌದು ಎಂದು ಒತ್ತಿದೆ. ಹಳದಿ ಹಸಿರಾಯಿತು. ಹಸಿರಿನ ಕೆಳಗೆ ಒಂದೇ ಒಂದು ಹೆಸರು ಉಳಿಯಿತು: ಕೊಂಡಿ. ಪಕ್ಕದಲ್ಲಿ ಸಾವಂತ್ರವ್ವನ ಗುರುತು.

“ಬರಲೇನು ಜೋಡಿ?” ರುಕ್ಸಾನಾ ತಿರುಗದೆಯೇ ಕೇಳಿದಳು.

“ಬೇಡ.”

ಸಾವಂತ್ರವ್ವನ ಮಗ್ಗ ಪಡಸಾಲೆಯಲ್ಲಿ ತೋಡಿದ ಕುಣಿಯಲ್ಲಿತ್ತು. ಹಸಿರು ಮೈ ನೇಯ್ದು ಸುತ್ತಿತ್ತು. ಅದರ ತುದಿಯ ಎಳೆಗಳು ಜೋತುಬಿದ್ದಿದ್ದವು. ಸೆರಗಿನ ಕೆಂಪು ರೇಷ್ಮೆಯ ಹಾಸು ಆಚೆ ಬದಿಯಲ್ಲಿ ಕಾಯುತ್ತಿತ್ತು. ಕತ್ತರಿ ಕುಣಿಯ ದಂಡೆಯ ಮೇಲಿತ್ತು. ಅವಳು ನನ್ನ ಬಲಗೈಯ ಕರಿಗೈ ನೋಡಿದಳು.

“ಮಣ್ಣಿಗೆ ಹೋಗಿರಲಿಲ್ಲ, ದೊಡ್ಡವ್ವಾ,” ಅಂದೆ. “ನಾನೇ ಇಟ್ಟುಕೊಂಡಿದ್ದೆ. ನಿಮ್ಮೆದುರು ಸುಳ್ಳು ಹೇಳಿದೆ.”

ಅವಳು ಕತ್ತರಿ ಎತ್ತಿ ಪಕ್ಕಕ್ಕಿಟ್ಟಳು.

“ಇಟಗೊಂಡಿದ್ದಕ್ಕ ನಾ ಏನೂ ಅನ್ನಾಕೆಲ್ಲ. ನಾ ಇದ್ರೂ ಇಟಗೋತಿದ್ದೆ. ನನ್ನ ಗಂಡನ ಕೈ ನೆನಿಯುವಂಥದ್ದಾಗಿದ್ರ.” ನಗುವಿನ ಎಳೆಯೊಂದು ಬಂದು ಹೋಯಿತು. “ಆದ್ರ ಕುಂತವನ್ನ ಎಬ್ಬಸಾಕ ಮಂದಿ ಹಾರಿ, ಸಲಿಕಿ ತಯಾರ ಮಾಡಿದ್ರು. ನನ್ನ ಸಲುವಾಗಿ. ನಿನ್ನ ಮನಿಗೇ ಬಂದು ಕೇಳಿದ್ರು. ಆಗೂ ನೀ ಬಾಯಿ ಬಿಡಲಿಲ್ಲ. ನಿಮ್ಮತ್ತಿ ಬಿಟ್ಲು.”

ಅವಳು ಉತ್ತರಕ್ಕೆ ಕಾಯಲಿಲ್ಲ.

“ದೀಪಾ ಹಚ್ಚು ಹೊತ್ತಾತು. ಹಚ್ಚಿದ ಮ್ಯಾಲ ಇಸಗೊಳ್ಳಾಕ ಬರಾಂಗಿಲ್ಲ. ತಾ.”

ಕುಣಿಯ ದಂಡೆಯ ಮೇಲೆ ಮಂಡಿಯೂರಿ ಅಂಗೈ ಚಾಚಿದೆ. ಅವಳು ತನ್ನ ಅಂಗೈ ಒತ್ತಿದಳು. ಜಾಲರಿಗೆ ಜಾಲರಿ ಕೂತು ಸಣ್ಣಗೆ ಬಿಸಿಯಾಯಿತು. ಅವಳ ವಾಲಿದ ಹೆಬ್ಬೆರಳು ಗುರುಸಿದ್ಧನ ಹೆಬ್ಬೆರಳಿಗೆ ತಾಗಿಕೊಂಡಿತ್ತು. ಅದರೊಳಗೆ ನನ್ನದಿತ್ತು. ಬಿಸಿ ಏರಿ, ನಿಂತು, ಇಳಿಯಿತು. ನನ್ನ ಕೈಯ ಮೇಲೆ ಬರಿ ಬಟ್ಟೆ ಉಳಿಯಿತು.

ಸಾವಂತ್ರವ್ವ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗಕ್ಕೆ ತಿರುಗಿದಳು. ಹಸಿರು ಎಳೆಯೊಂದನ್ನು ಹಿಡಿದಳು. ಹೆಬ್ಬೆರಳು ತಡೆಯಿತು, ಹೊರಳಿತು, ಎತ್ತಿತು. ಹಸಿರು ಕೆಂಪಿನೊಳಗೆ ತೂರಿ ಕೊಂಡಿ ಕೂತಿತು. ಇನ್ನೊಂದು ಎಳೆ. ಮತ್ತೆ ಆ ತಡೆ. ಅದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಅದು ಯಾವಾಗಲೂ ನನ್ನ ಬೆನ್ನ ಹಿಂದಿತ್ತು.